ಕೆನ್ನೆಯ ಮೇಲೆ ಕಮಲ ಬರೆಸಿಕೊಂಡ ಆನೆ

ಹೊಳೆದಂಡೆ ವಿಹಾರ ಸಮಿತಿಯ ಅಧ್ಯಕ್ಷರೇ,

ಭಾನುವಾರ ತಾವು ಮಕ್ಕಳನ್ನು ಹತ್ತಿಸಲಿರುವ ಆನೆಗೆ ಮದ ಬರುತ್ತಿದೆ. ತಮ್ಮ ಕಚೇರಿಗೇ ಬಂದು ಹೇಳಿದೆ. ಅಲ್ಲಿದ್ದ ಸಮಿತಿಯವರು ಹೆಂಗಸರ ಪುಕ್ಕಲುತನವೆಂದು ನಕ್ಕರು. ಆದ್ದರಿಂದ ಊರಿಗೆಲ್ಲ ಕೇಳಲೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ತುಂಗೆಯ ದಡದಲ್ಲಿ ಸಂಸಾರಸ್ಥರಿಗೆಂದು ತಾವು ಮಾಡಿಸಿರುವ ವಿಹಾರಕ್ಕೆ ಸಂಜೆಯಾದರೆ ನಮ್ಮ ಬೀದಿಗೆ ಬೀದಿಯೇ ಹೊರಡುತ್ತದೆ. ರಾಟೆ ತೊಟ್ಟಿಲು, ಹರಿಗೋಲಿನ ಸುತ್ತು, ಬೊಂಬಾಯಿ ಮಿಠಾಯಿ, ಎಲ್ಲವೂ ಚೆನ್ನ. ನನ್ನ ಮಗಳು ಗಿರಿಜೆ ತೊಟ್ಟಿಲಿನಿಂದ ಇಳಿಯಲೊಲ್ಲಳು. ಆದರೆ ಆ ಗಂಡಾನೆ? ಅದರ ಕಣ್ಣಿಗೂ ಕಿವಿಗೂ ನಡುವೆ ಜಿನುಗುವ ಕಪ್ಪು ಜಿಡ್ಡನ್ನು ತಾಯಂದಿರು ಬೆರಳಲ್ಲಿ ತೆಗೆದು ಮಕ್ಕಳ ಹಣೆಗೆ ಹಚ್ಚುತ್ತಿದ್ದಾರೆ. ಪಕ್ಕದ ಮನೆಯ ಪುಷ್ಪಮ್ಮ ನನಗೂ ಹೇಳಿದರು, "ಹಚ್ರೀ, ಗಣಪತಿ ಪ್ರಸಾದ. ದೃಷ್ಟಿ ತಾಗಲ್ಲ." ಸಮಿತಿಯವರ ಭಕ್ತಿ ಇನ್ನೂ ಮಿಗಿಲು: ಕಲೆ ಕಾಣಬಾರದೆಂದು ಅದರ ಮೇಲೆಯೇ ಬಣ್ಣದ ಕಮಲ ಬರೆಸಿದ್ದಾರೆ! ಬಣ್ಣ ಬಳಿದರೆ ಮದ ಇಳಿಯುತ್ತದೆಯೇ ಸ್ವಾಮಿ?

ನಿನಗೆ ಹೇಗೆ ಗೊತ್ತು ಎನ್ನುವಿರಿ. ನನ್ನ ಅಣ್ಣ ಪರಮೇಶ್ವರಪ್ಪ ಸಕ್ರೆಬೈಲಿನ ಕಾಡಿನಲ್ಲಿ, ಭದ್ರಾವತಿಯ ಕಾರ್ಖಾನೆಗೆ ಸೌದೆ ಕಡಿಯುವ ಕೂಪಿನಲ್ಲಿ ಮೇಸ್ತ್ರಿಯಾಗಿದ್ದ. ದಿಮ್ಮಿ ಎಳೆಯುವ ಆನೆಗೆ ದಿನಾ ಬೆಲ್ಲ ತಿನ್ನಿಸುತ್ತಿದ್ದ, ಹಸುವಿನಂಥ ಪ್ರಾಣಿ ಎಂದು ಹೊಗಳುತ್ತಿದ್ದ. ಅದರ ಕೆನ್ನೆ ಜಿನುಗಿದ ವಾರ, ಬೆಲ್ಲ ಹಿಡಿದು ಹೋದವನನ್ನು ಅದೇ ಆನೆ ಕೆಡವಿ ತುಳಿಯಿತು. ಕಂಬಳಿಯಲ್ಲಿ ಕಟ್ಟಿ ತಂದರು. ಅಮ್ಮನಿಗೆ ಮುಖ ತೋರಿಸಲಿಲ್ಲ. ಮೊನ್ನೆ ತಮ್ಮ ಆನೆಯನ್ನು ಮುಟ್ಟಿ ಬಂದ ಗಿರಿಜೆಯ ಲಂಗದಿಂದ ಆ ಕಂಬಳಿಗಿದ್ದ ಜಿಡ್ಡಿನ ನಾತವೇ ಬಂತು; ಆಗಲೇ ಬಿಚ್ಚಿಸಿ ಒಗೆದುಹಾಕಿದೆ.

ಮಾವುತ ನಸರುಲ್ಲಾ ಸಾಹೇಬರನ್ನು ಕೇಳಿದೆ. "ಕಟ್ಟಿ ಹಾಕ್ಬೇಕಮ್ಮಾ. ಸಮಿತಿಯೋರಿಗೆ ಹೇಳಿದ್ರೆ ಭಾನುವಾರ ಕಳೀಲಿ ಅಂತಾರೆ. ನಿನ್ನೆಯಿಂದ ನನ್ನ ಮಾತೂ ಕೇಳ್ತಿಲ್ಲ ಇದು," ಎಂದರು. ಭಾನುವಾರ ದೊಡ್ಡವರು ಬರುತ್ತಾರಂತೆ, ವಾದ್ಯವಂತೆ, ಪಟಾಕಿಯಂತೆ. ಆ ಸದ್ದಿನಲ್ಲಿ ಆನೆ ತಮ್ಮ ಕಾರ್ಯಕ್ರಮದ ಪ್ರಕಾರವೇ ನಡೆಯುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ?

ಗಿರಿಜೆಯನ್ನು ನಾನು ಮನೆಯಲ್ಲಿ ಕೂರಿಸಿಕೊಳ್ಳಬಲ್ಲೆ. ಅವಳ ಶಾಲೆಯ ಉಳಿದ ಮಕ್ಕಳ ಗತಿ? ಆನೆಯನ್ನು ಇಂದೇ ಊರಾಚೆ ಕಟ್ಟಿಸಿ, ಸವಾರಿ ನಿಲ್ಲಿಸಿ. ಮೊದಲ ಸವಾರಿ ತಮ್ಮ ಮೊಮ್ಮಗಳದೇ ಅಂತೆ. ಸಿಟ್ಟಿನಲ್ಲಿ "ಹತ್ತಿಸಿ, ನೋಡೋಣ" ಎಂದು ಬರೆದಿದ್ದೆ, ಹೊಡೆದುಹಾಕಿದೆ. ಆ ಮಗುವನ್ನೂ ಹತ್ತಿಸಬೇಡಿ.

ಇಂತಿ,
ತನ್ನ ಮಾತು ಸುಳ್ಳಾಗಲೆಂದೇ ದೇವರಿಗೆ ಕೈ ಮುಗಿಯುತ್ತಿರುವ
ಪ್ರೇಮಮ್ಮ
ಶಿವಮೊಗ್ಗ