ಖಾಲಿ ಸ್ಟುಡಿಯೋದ ಕೆಳಗೆ ನನ್ನ ಗಂಡ ಇದ್ದಾರೆ

ಹೊರದೇಶದಲ್ಲಿ ಸಿಲುಕಿದವರ ಸಹಾಯವಾಣಿಯ ಹೊಣೆ ಹೊತ್ತ ಮಾನ್ಯರೇ,

ರಾತ್ರಿ ಎರಡೂ ಇಪ್ಪತ್ತು. ನನ್ನನ್ನು ಎಬ್ಬಿಸಿದ್ದು ಕುರ್ಚಿ ಸರಿದ ಸದ್ದು. ನಮ್ಮ ಮನೆಯ ಕುರ್ಚಿಯಲ್ಲ. ದಿಂಬಿನ ಪಕ್ಕ ಫೋನಿನಲ್ಲಿ ಹಾಕಿಕೊಂಡು ಮಲಗಿದ್ದ ಅರಬ್ಬಿ ಚಾನೆಲ್‌ನಲ್ಲಿ ವಾರ್ತೆ ಓದುತ್ತಿದ್ದ ಹೆಂಗಸು ಮಧ್ಯದಲ್ಲೇ ಎದ್ದು ಹೊರಟುಹೋದಳು. ಈಗ ತೆರೆಯ ಮೇಲೆ ಖಾಲಿ ಮೇಜು, ಉರಿಯುವ ದೀಪಗಳು. ಬೆಳಗಾಗುವುದರೊಳಗೆ ಆ ಚಾನೆಲ್‌ನ ಕಟ್ಟಡದ ಮೇಲೆ ಬಾಂಬು ಹಾಕುವುದಾಗಿ ಎದುರು ಪಡೆಯವರು ಸಾರಿದ್ದಾರೆ. ದೀಪ ಉರಿಯುತ್ತಿದೆಯೆಂದರೆ ನೆಲಮಾಳಿಗೆಯಲ್ಲಿ ಜನರೇಟರ್ ಓಡುತ್ತಿದೆ. ಹಳೆಯ ಯಂತ್ರ ಅದು, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ನಿಂತುಹೋಗುತ್ತದೆ. ಅಂದರೆ ಅದನ್ನು ನೋಡಿಕೊಳ್ಳುವ ನನ್ನ ಗಂಡ ಭಾರ್ಗವ ಇನ್ನೂ ಅಲ್ಲೇ ಇದ್ದಾರೆ. ತೆರೆ ಕಪ್ಪಾಗಲಿ ಎಂದು ಬೇಡಿಕೊಳ್ಳಲೋ, ಕಪ್ಪಾಗದಿರಲಿ ಎಂದು ಬೇಡಿಕೊಳ್ಳಲೋ, ನೀವೇ ಹೇಳಿ.

ಅವರು ಕತ್ರಿಗುಪ್ಪೆಯಲ್ಲಿ ಯುಪಿಎಸ್ ರಿಪೇರಿ ಅಂಗಡಿ ಇಟ್ಟಿದ್ದವರು. ಏಜೆಂಟ್ ಹೇಳಿದ್ದು 'ಮೀಡಿಯಾ ಕಂಪನಿ, ಆರು ತಿಂಗಳ ಕೆಲಸ' ಎಂದು. ಅದು ಬಂದೂಕು ಹಿಡಿದವರೂ ಇರುವ ಒಂದು ರಾಜಕೀಯ ಚಳವಳಿಯ ಚಾನೆಲ್ ಎಂದು ತಿಳಿದದ್ದು ಅಲ್ಲಿ ಇಳಿದು ಪಾಸ್‌ಪೋರ್ಟ್ ಒಪ್ಪಿಸಿದ ಮೇಲೆ. ಊರಿನ ಹೆಸರು ಇಲ್ಲಿ ಬರೆಯಲು ಭಯ; ನಿಮ್ಮ ಕಡತದಲ್ಲಿದೆ. ಹೋದ ವಾರ ನಿಮ್ಮ ಅರ್ಜಿ ತುಂಬುವಾಗ 'ಉದ್ಯೋಗದಾತರು' ಎಂಬಲ್ಲಿ ಯುಪಿಎಸ್ ಕಂಪನಿ ಎಂದು ಬರೆಯಹೊರಟಿದ್ದೆ. ಮಾವ ಅನಂತರಾಮು ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು, ಕೈ ತಡೆದರು. “ಸರ್ಕಾರದ ಫಾರಂನಲ್ಲಿ ಸುಳ್ಳು ಬರೀಬಾರ್ದು ಕಣಮ್ಮ. ನಾಳೆ ಗೊತ್ತಾದ್ರೆ ಅವನಿಗೇ ತೊಂದ್ರೆ.” ನಿಜ ಬರೆದೆ. ಆ ಚಾನೆಲ್ ಪಕ್ಕದ ಹೋಟೆಲಿನಲ್ಲಿದ್ದ ನಾಲ್ವರು ಭಾರತೀಯರು ನಿನ್ನೆ ನಿಮ್ಮ ಬಸ್ಸಿನಲ್ಲಿ ಗಡಿ ದಾಟಿದರು. ನಮ್ಮವರ ಹೆಸರಿನ ಮುಂದೆ ಮಾತ್ರ 'ಪರಿಶೀಲನೆಯಲ್ಲಿದೆ'. ಸತ್ಯವನ್ನು ಇಷ್ಟು ಗಂಭೀರವಾಗಿ ಪರಿಗಣಿಸುವ ಕಚೇರಿ ಇನ್ನೊಂದಿದೆಯೇ? ಮಾವ ನಿನ್ನೆಯಿಂದ ಊಟ ಬಿಟ್ಟಿದ್ದಾರೆ.

ಸಂಜೆ ನಿಮ್ಮ ಸಿಬ್ಬಂದಿಯೊಬ್ಬರು ಫೋನ್ ಎತ್ತಿದರು.

“ಮೇಡಂ, ನಿಮ್ಮ ಹಸ್ಬೆಂಡ್ ಆ ಪಾರ್ಟಿ ಮೆಂಬರ್ರಾ?”

“ಸಾರ್, ಅವ್ರು ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗೇ ಮೆಂಬರ್ ಆಗಿಲ್ಲ.”

“ತಮಾಷೆ ಬೇಡ ಮೇಡಂ. ನಾಳೆ ಹತ್ತು ಗಂಟೆ ಮೇಲೆ ಮೇಲ್ ಹಾಕಿ.”

ತಮಾಷೆ ಯಾರು ಮಾಡಿದರು, ಮಾನ್ಯರೇ? ಬಾಂಬು ಹಾಕುವವರಿಗೂ ನಿಮ್ಮ ಕಚೇರಿಯ ವೇಳೆ ಗೊತ್ತಿದೆಯೇ?

ರಾತ್ರಿ ಒಂದು ಗಂಟೆಗೆ ಭಾರ್ಗವ ಫೋನ್ ಮಾಡಿದ್ದರು, ಪಿಸುಮಾತಿನಲ್ಲಿ. “ಸಂಹಿತಾ, ಗೇಟಲ್ಲಿ ಬಿಡ್ತಿಲ್ಲ. ಹೊರಗೆ ಹೋದ್ರೆ ಒಳಗಿನ ಸುದ್ದಿ ಆ ಕಡೆಯವ್ರಿಗೆ ಕೊಡ್ತೀನಿ ಅಂತ ಡೌಟು ಇವ್ರಿಗೆ. ಎಂಬೆಸಿಯಿಂದ ಒಂದು ಫೋನ್ ಬಂದ್ರೆ ಬಿಡ್ತಾರಂತೆ. ಪಾಪು ಮಲಗಿದ್ಯಾ?” ಮಲಗಿದೆ ಎಂದೆ. ಸುಳ್ಳು. ಹನ್ನೊಂದು ತಿಂಗಳ ಪ್ರಕೃತಿ ನನ್ನ ತೊಡೆಯ ಮೇಲೆ ಕೂತು ಫೋನಿಗೆ ಕೈ ಚಾಚುತ್ತಿದ್ದಳು. ಆಮೇಲೆ ಅವರ ಫೋನ್ ಸಿಗುತ್ತಿಲ್ಲ. ಅಲ್ಲಿಯವರಿಗೆ ಇವರು ಶತ್ರುವಿನ ಕಡೆಯವರೋ ಎಂಬ ಅನುಮಾನ, ಇಲ್ಲಿ ನಿಮಗೆ ಇವರು ಅಲ್ಲಿಯವರ ಕಡೆಯವರೋ ಎಂಬ ಅನುಮಾನ. ಎರಡು ಅನುಮಾನಗಳ ನಡುವೆ ಒಬ್ಬ ರಿಪೇರಿಯವನು ನೆಲಮಾಳಿಗೆಯಲ್ಲಿ ನಿಂತಿದ್ದಾನೆ.

ಪತ್ರಿಕೆಗೆ ಕಳಿಸಿದರೆ ನಾಡಿದ್ದು ಅಚ್ಚಾಗುತ್ತದೆ, ಅದಕ್ಕೇ ಇದನ್ನು ಫೇಸ್‌ಬುಕ್‌ನಲ್ಲಿ ಹಾಕುತ್ತಿದ್ದೇನೆ. ನಾನು ಬಸ್ಸು ಕೇಳುತ್ತಿಲ್ಲ, ವಿಮಾನ ಕೇಳುತ್ತಿಲ್ಲ. ಗೇಟಿನ ಕಾವಲಿನವರ ಫೋನ್ ನಂಬರನ್ನು ನಿಮಗೆ ಮೂರು ಸಲ ಕಳಿಸಿದ್ದೇನೆ. ಆ ನಂಬರಿಗೆ ನಿಮ್ಮ ಎಂಬೆಸಿಯಿಂದ ಒಂದು ಮಾತು: 'ಅವನು ನಮ್ಮವನು, ಬಿಡಿ.' ಪರಿಶೀಲನೆ ಆಮೇಲೆ ಮಾಡಿ. ವಿಮಾನ ನಿಲ್ದಾಣದಿಂದ ನೇರ ಠಾಣೆಗೆ ಕರೆದೊಯ್ದರೂ ಸರಿ, ನಾನೇ ಊಟದ ಡಬ್ಬಿ ತಂದುಕೊಡುತ್ತೇನೆ. ಇದನ್ನು ಓದುತ್ತಿರುವ ಬೇರೆ ಯಾರಿಗಾದರೂ ಆ ಕಚೇರಿಯಲ್ಲಿ ಒಬ್ಬರ ಪರಿಚಯವಿದ್ದರೆ ದಯವಿಟ್ಟು ಎಬ್ಬಿಸಿ, ನನ್ನ ಹೆಸರು ಹೇಳಿ ಬೈಸಿಕೊಳ್ಳಿ. ಹತ್ತು ಗಂಟೆಯ ತನಕ ಕಾಯಬೇಡಿ. ಬೆಳಕು ಹರಿಯುವ ಮುಂಚೆ ಒಂದೇ ಒಂದು ಫೋನ್ ಮಾಡಿ, ನಿಮ್ಮ ಕಾಲಿಗೆ ಬೀಳುತ್ತೇನೆ, ಮಾಡಿ.

ಇಂತಿ,
ನಿಮ್ಮ ಕಡತದಲ್ಲಿ 'ಸಂಬಂಧ: ಹೆಂಡತಿ' ಎಂದಷ್ಟೇ ಇರುವ
ಸಂಹಿತಾ, ಪದ್ಮನಾಭನಗರ