ಹ್ಯಾನಾಳ ತವರುಮನೆ

ಮೆಲ್ಬರ್ನ್, ಜುಲೈ ೨೦೧೪

ಸುಮಂಗಲಾ,

ನೀನು ತೀರಿಕೊಂಡ ಮೇಲೆ, ಮಗಳ ಮನೆಯ ಮೂರ್ಖತನವನ್ನು ಹೇಳಿಕೊಳ್ಳಲು ನನಗೆ ಬೇರೆ ಯಾರೂ ಇಲ್ಲ.

ನಮ್ಮ ಅಳಿಯ ಗ್ರಾಂಟ್ ಇಂಗ್ಲೆಂಡಿನ ಹಳೆಯ ಜನಗಣತಿಯಲ್ಲಿ ತನ್ನ ಪೂರ್ವಜರನ್ನು ಹುಡುಕುತ್ತಿದ್ದಾನೆ. ಸಿಕ್ಕವನು ಯಾರು? ಕುದುರೆಲಾಯ ಗುಡಿಸುತ್ತಿದ್ದು, ಹೊಟ್ಟೆಪಾಡಿಗೆ ಹಡಗು ಹತ್ತಿ ಸಿಡ್ನಿಯಲ್ಲಿ ಇಳಿದ ಒಬ್ಬ ಥಾಮಸ್. ಅದಕ್ಕೇ ಇವನ ಸಂಭ್ರಮ ನೋಡಬೇಕು, ಸೂರ್ಯವಂಶದಲ್ಲಿ ಹುಟ್ಟಿದವನಂತೆ! ಈಗ ಥಾಮಸನ ಹೆಂಡತಿ ಹ್ಯಾನಾಳ ಬೆನ್ನು ಹತ್ತಿದ್ದಾನೆ. ಊರವರ ಬಟ್ಟೆ ಒಗೆಯುತ್ತಿದ್ದ ಆ ಹೆಂಗಸು ಮದುವೆಗೆ ಮೊದಲು ಯಾವ ಮನೆಯ ಮಗಳಾಗಿದ್ದಳೆಂದು ತಿಳಿಯಲು ವರ್ಷಗಟ್ಟಲೆ ಭಾನುವಾರಗಳನ್ನು ಹಾಳುಮಾಡಿದ್ದಾನೆ.

ನಿನ್ನೆ ನಮ್ಮ ವಂಶವನ್ನೂ ಬರೆದುಕೊಳ್ಳುತ್ತೇನೆಂದ. ಏಳು ತಲೆಮಾರಿನ ಗಂಡಸರ ಹೆಸರನ್ನು ತಡವರಿಸದೆ ಹೇಳಿದೆ. ಅವನು ಎಲ್ಲವನ್ನೂ ಬರೆದುಕೊಂಡು ಮೈಥಿಲಿಯ ಕಿವಿಯಲ್ಲಿ ಏನೋ ಕೇಳಿದ.

“ಅಪ್ಪಾ, ಲಗ್ನದಾಗ ನೀವು ಅಕ್ಕಿಯೊಳಗ ಉಂಗುರದಿಂದ ಅಮ್ಮಗ ಹೊಸಾ ಹೆಸರು ಬರದ್ರಲಾ, ಅದಕ್ಕೂ ಮೊದ್ಲ ಆಕಿ ಹೆಸರೇನಿತ್ತು? ಗ್ರಾಂಟ್ ಫ್ಯಾಮಿಲಿ ಟ್ರೀಗೆ ಆ್ಯಡ್ ಮಾಡ್ತಾನಂತ” ಎಂದಳು ಮಗಳು.

“ಆ ಹೆಸರು ಈಗ ಯಾರಿಗೆ ಬೇಕಾಗೇದ?”

“ಅಂದ್ರ ನಿಮಗ ಗೊತ್ತಿಲ್ಲೇನು?”

ಅವಿವೇಕಿಗಳೆಂದು ಗದರಿ ಎದ್ದು ಬಂದೆ. ಬಟ್ಟೆ ಒಗೆಯುವವಳ ತವರು ಹುಡುಕುವವನು ನನಗೆ ಪರೀಕ್ಷೆ ಇಡುವುದೇ!

ಮದುವೆಯಾದ ಹೊಸತರಲ್ಲಿ ನಿನ್ನ ಅಣ್ಣ ನಮ್ಮ ಧಾರವಾಡದ ಮನೆಯ ಬಾಗಿಲಲ್ಲಿ ನಿಂತು ಆ ಹೆಸರು ಹಿಡಿದು ಕೂಗಿದ್ದ. ನೀನು ಒಲೆಯ ಮೇಲಿನ ಹಾಲನ್ನು ಮರೆತು ಓಡಿಬಂದೆ. ಓಡಿಬಂದ ನಿನ್ನ ಮುಖ ಈಗಲೂ ಕಣ್ಣ ಮುಂದಿದೆ. ಅವನು ಕೂಗಿದ್ದು ಏನೆಂದು ಮಾತ್ರ ನೆನಪಾಗುತ್ತಿಲ್ಲ.