ಮಗ್ಗದ ಗದ್ದಲದಲ್ಲಿ ನಮ್ಮ ನಾಟಕ

ಬನಹಟ್ಟಿ, ೨೦-೧-೨೦೧೪

ಪ್ರೀತಿಯ ಅಕ್ಕ,

ಬಸ್ಸಿಗೆ ಕಾಯುತ್ತ ಬರೆಯುತ್ತಿದ್ದೇನೆ. ಖುಷಿ ಇನ್ನೂ ಇಳಿದಿಲ್ಲ! ಇಲ್ಲಿ ಓಣಿ ತುಂಬ ಪವರ್‌ಲೂಮ್ ಮಗ್ಗಗಳು. ಆ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳಿಸದು. ನಮ್ಮಂಥವರ ಹಕ್ಕಿನ ಬೀದಿನಾಟಕವನ್ನು ಇವತ್ತು ಅಂಥ ಓಣಿಯಲ್ಲೇ ಆಡಿದೆವು. ಕೂಗಿ ಕೂಗಿ ನನ್ನ ಗಂಟಲೇ ಕಟ್ಟಿಹೋಯಿತು. ನಾಟಕ ಕೆಟ್ಟಿತು ಅಂದುಕೊಂಡರೆ, ಕಿಟಕಿಯಾಚೆ ಮಗ್ಗ ನಡೆಸುತ್ತಿದ್ದ ಹೆಂಗಸರು ನಗಬೇಕಾದಲ್ಲೆಲ್ಲ ನಗುತ್ತಿದ್ದಾರೆ! ನೂಲು ಒಯ್ಯಲು ಹೊರಬಂದ ಶೇವಂತಿ ಎಂಬಾಕೆ ನನ್ನ ಕಿವಿಗೆ ಬಾಯಿಟ್ಟು, "ಯಾಕ ಒದರ್ತಿ ಬೇ? ನಾವು ದಿನಾ ತುಟಿ ನೋಡೇ ಮಾತು ತಿಳಕೋತೇವಿ" ಅಂದಳು.

ಮಗನಾಗಿ ಬೆಳೆದವಳು ಸೀರೆಯುಟ್ಟು ಮನೆಬಾಗಿಲಿಗೆ ಬಂದು ನಿಲ್ಲುತ್ತಾಳಲ್ಲ, ಆ ಪಾತ್ರ ನನ್ನದು. ನಾನು ಅದನ್ನು ನಟಿಸುವುದೇನು ಬಂತು! ದನಿ ಇರಲಿಲ್ಲ, ಬರಿ ತುಟಿಯಲ್ಲೇ "ಅವ್ವಾ, ನಾನು ನಿನ್ನ ಮಗಳು" ಅಂದೆ. ನಾಟಕದ ತಾಯಿ ಆಗ ಬಾಗಿಲು ಹಾಕಿಕೊಳ್ಳಬೇಕು. ಅಷ್ಟರಲ್ಲಿ ಕಿಟಕಿಯೊಳಗಿನ ನರೆಗೂದಲಿನ ಅಜ್ಜಿಯೊಬ್ಬಳು ತನ್ನ ಮಗ್ಗ ನಿಲ್ಲಿಸಿ, ನನ್ನನ್ನೇ ನೋಡುತ್ತ, ತಾನೂ ಬರಿ ತುಟಿಯಲ್ಲಿ ಹೇಳಿದಳು: "ಒಳಗ ಬಾ, ಮಗಳ."

ಮುಂದಿನ ಮಾತು ನನಗೆ ಮರೆತೇ ಹೋಯಿತು ಅಕ್ಕ.

ನಾಳೆ ಜಮಖಂಡಿಯಲ್ಲಿ ಆಟ. ಗಂಟಲಿಗೆ ಅರಿಶಿನದ ಹಾಲು ಕುಡಿಯುತ್ತಿದ್ದೇನೆ, ಗಾಬರಿಯಾಗಬೇಡ. ಬಸ್ಸು ಬಂತು, ಕಾರ್ಡೂ ತುಂಬಿತು. ಇದನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳು. ನನ್ನ ಹೆಸರು ಕೇಳಿ ಅವಳು ಎದ್ದು ಅಡುಗೆಮನೆಗೆ ಹೋದರೆ ಹಿಂದೆಯೇ ಹೋಗಿ ಓದು.

ನಿನ್ನ ತಂಗಿ
ಮಂದಾಕಿನಿ